ಬೇಡ್ತಿ ನೀರಿಗೆ ಇನ್ನೊಬ್ಬ ಹಕ್ಕುದಾರ

ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ನಮ್ಮ ಕಡೆ ತಿರುಗಿಸುವ ಬೇಡ್ತಿ–ವರದಾ ನದಿ ಜೋಡಣೆಯ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಸುಮ್ನೆ ಸಮುದ್ರಕ್ಕೆ ಹರಿದು ಪೋಲಾಗುವ ನೀರು, ಅದನ್ನ ನಮಗೆ ಕೊಟ್ಟರೆ ಯಾರಿಗೆ ನಷ್ಟ?" ಹಾವೇರಿಯ ಸಭೆಗಳಲ್ಲಿ, ಗದಗಿನ ಚಹಾ ಅಂಗಡಿಗಳಲ್ಲಿ, ಹುಬ್ಬಳ್ಳಿ–ಧಾರವಾಡದ ಬಸ್ಸಿನಲ್ಲಿ ಇದೇ ಪ್ರಶ್ನೆ. ಮಹದಾಯಿ ವಿಷಯಕ್ಕೂ ಇದನ್ನೇ ಕೇಳುತ್ತೇವೆ. ಬೇಸಿಗೆಯಲ್ಲಿ ಮುಂಡರಗಿ, ರೋಣದ ಕಡೆ ಕೊಡ ಇಟ್ಟುಕೊಂಡು ನಲ್ಲಿ ಮುಂದೆ ಕಾಯುವವರನ್ನು ಕಂಡವರಿಗೆ ಈ ಪ್ರಶ್ನೆಯಲ್ಲಿ ತಪ್ಪೇನೂ ಕಾಣುವುದಿಲ್ಲ.

ಆದರೆ ಇದರೊಳಗೆ ಎರಡು ವಾದಗಳು ಸೇರಿಕೊಂಡಿವೆ. ನಮಗೆ ನೀರು ಬೇಕು ಅನ್ನೋದು ಒಂದು. ಸಮುದ್ರಕ್ಕೆ ಹೋಗುವ ನೀರಿನಿಂದ ಯಾರಿಗೂ ಉಪಯೋಗ ಇಲ್ಲ ಅನ್ನೋದು ಇನ್ನೊಂದು. ಮೊದಲನೆಯದು ನಿಜ, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದು ನಿಜವಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ಮಿಲಿಮೀಟರ್ ಉದ್ದದ ಒಂದು ಜೀವಿಯನ್ನು ಹತ್ತಿರದಿಂದ ನೋಡಬೇಕು. ಅದರ ಹೆಸರು ಕೋಪೆಪಾಡ್. ಸೀಗಡಿ, ಏಡಿಗಳ ಬಳಗಕ್ಕೇ ಸೇರಿದ್ದು. ಮಾರುಕಟ್ಟೆಗೆ ಬರುವುದಿಲ್ಲ, ಬಲೆಗೂ ಬೀಳುವುದಿಲ್ಲ. ಹಾಗಾಗಿ ಕರಾವಳಿಯಲ್ಲೂ ಅದರ ಹೆಸರು ಎತ್ತುವವರು ಕಡಿಮೆ.

ಮೊದಲು ನಮ್ಮ ನೀರಿನ ದಾರಿ ನೋಡೋಣ. ಹುಬ್ಬಳ್ಳಿ–ಧಾರವಾಡ ಇರುವುದು ಎರಡು ಸಮುದ್ರಗಳ ನಡುವಿನ ಗಡಿಯ ಮೇಲೆ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಬೆಣ್ಣಿಹಳ್ಳಕ್ಕೆ ಇಳಿದು, ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಪಶ್ಚಿಮಕ್ಕೆ ತಿರುಗುತ್ತದೆ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ, ಎರಡೂ ಕಲಘಟಗಿ ಹತ್ತಿರ ಕೂಡುತ್ತವೆ. ಆಮೇಲೆ ಯಲ್ಲಾಪುರದ ಕಾಡು, ಮಾಗೋಡು ಜಲಪಾತ. ಘಟ್ಟ ಇಳಿದ ಮೇಲೆ ಅದೇ ನದಿಗೆ ಗಂಗಾವಳಿ ಅಂತ ಹೆಸರು. ಅಂಕೋಲಾ ಮತ್ತು ಗೋಕರ್ಣದ ನಡುವೆ ಮಂಜಗುಣಿ ಹತ್ತಿರ ಅದು ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಗಂಗಾವಳಿಯ ಅಳಿವೆ (ನದಿ ಸಮುದ್ರ ಸೇರುವ ಜಾಗ) ನಮಗೆ ಪರಸ್ಥಳ ಅಲ್ಲ. ನಮ್ಮ ಅಂಗಳದ ನೀರೇ ಅಲ್ಲಿಗೆ ಹೋಗುವುದು.

ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಯೋಜನೆ ಹೀಗಿದೆ. ಪಟ್ಟಣದಹಳ್ಳ, ಶಿರಸಿ ಸೀಮೆಯ ಶಾಲ್ಮಲಾ (ಇದು ಧಾರವಾಡದ್ದಲ್ಲ, ಅದೇ ಹೆಸರಿನ ಇನ್ನೊಂದು ಹೊಳೆ) ಮತ್ತು ಸುರೇಮನೆ ಹತ್ತಿರ ಬೇಡ್ತಿಯಿಂದ ನೀರೆತ್ತಿ ವರದಾ ನದಿಗೆ, ಗದಗಿನ ಕಡೆಗೆ ಹಾಯಿಸಬೇಕು. ವರದಾ ನದಿ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಅಲ್ಲಿಂದ ನೀರು ಹಾವೇರಿ, ಗದಗ, ಕೊಪ್ಪಳ, ರಾಯಚೂರಿಗೆ ಸಿಗಬೇಕು. ಲೆಕ್ಕ 524 ಮಿಲಿಯನ್ ಘನ ಮೀಟರ್, ಅಂದರೆ ಸುಮಾರು 18.5 ಟಿಎಂಸಿ. ಹಾವೇರಿ, ಗದಗದ ಕಡೆ ಇದಕ್ಕೆ ಬೆಂಬಲ. ಶಿರಸಿ, ಯಲ್ಲಾಪುರದ ಕಡೆ ವಿರೋಧ. ವಿರೋಧಿಸುವವರು ಜಾಸ್ತಿ ಮಾತಾಡುವುದು ಕಾಡಿನ ಬಗ್ಗೆ, ಭೂಕುಸಿತದ ಬಗ್ಗೆ. ಅದು ಸರಿಯೇ. ನದಿ ಸಮುದ್ರ ಸೇರುವ ಕೊನೆಯ ಕೆಲವು ಕಿಲೋಮೀಟರಿನ ಬಗ್ಗೆ ಮಾತ್ರ ಎರಡೂ ಕಡೆ ಮಾತು ಕಡಿಮೆ.

ಕೋಪೆಪಾಡ್ ಬದುಕುವುದು ಅಲ್ಲೇ. ಅಲ್ಲಿ ಮಾತ್ರ ಅಲ್ಲ, ಎಲ್ಲ ಸಮುದ್ರಗಳಲ್ಲೂ ಇದೆ. ಈವರೆಗೆ ಗುರುತಿಸಿದ ಜಾತಿಗಳೇ ಸುಮಾರು 13,000. ಭೂಮಿಯ ಮೇಲೆ ಲೆಕ್ಕದಲ್ಲಿ ಅತಿ ಹೆಚ್ಚು ಇರುವ ಪ್ರಾಣಿಗಳ ಪೈಕಿ ಇದೂ ಒಂದು. ಸಮುದ್ರದ ನೀರಿಗೆ ಸಣ್ಣ ಕಣ್ಣಿನ ಬಲೆ ಹಾಕಿ ಎಳೆದರೆ ಸಿಗುವ ತೇಲುಜೀವಿಗಳಲ್ಲಿ ಬಹುಪಾಲು ಇವೇ ಇರುತ್ತವೆ.

ಇದರ ಬಂಧುಗಳು ನಮ್ಮೂರಲ್ಲೂ ಇವೆ. ಉಣಕಲ್ ಕೆರೆ ಇರಲಿ, ಮದಗ ಮಾಸೂರು ಕೆರೆ ಇರಲಿ, ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿಯಿರಿ. ಕೆಲವು ಬಿಳಿ ಚುಕ್ಕೆಗಳು ನಿಂತಲ್ಲೇ ನಿಂತು, ತಟಕ್ಕನೆ ಹಾರಿ, ಮತ್ತೆ ನಿಲ್ಲುತ್ತವೆ. ಭೂತಗನ್ನಡಿ ಇದ್ದರೆ ನೆತ್ತಿಯಲ್ಲಿ ಒಂದೇ ಒಂದು ಕಣ್ಣು ಕಾಣುತ್ತದೆ. ಹೆಣ್ಣಾದರೆ ಬಾಲದ ಎರಡೂ ಬದಿಗೆ ಒಂದೊಂದು ಮೊಟ್ಟೆಯ ಚೀಲ ಜೋತುಬಿದ್ದಿರುತ್ತದೆ. ಇದು ಸೈಕ್ಲಾಪ್ಸ್, ಸಿಹಿನೀರಿನ ಕೋಪೆಪಾಡ್. ಹಿರಿಯರಿಗೆ ನಾರುಹುಣ್ಣು ನೆನಪಿರಬೇಕು. ಮೆಟ್ಟಿಲುಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ರೋಗ ಅದು. ಆ ರೋಗ ತರುವ ಹುಳುವಿನ ಮರಿ ಮನುಷ್ಯನ ಹೊಟ್ಟೆಗೆ ಹೋಗುತ್ತಿದ್ದದ್ದು ಇದೇ ಸೈಕ್ಲಾಪ್ಸ್ ಒಳಗೆ ಕೂತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಊರೂರಿಗೆ ಹೇಳಿದ್ದು, ಮೆಟ್ಟಿಲುಬಾವಿಗೆ ಇಳಿಯದಂತೆ ಮಾಡಿದ್ದು ಇದಕ್ಕೇ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಅಂತ ಘೋಷಣೆ ಆಯಿತು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೆಸರಾದ ಲಕ್ಕುಂಡಿಯ ಸೀಮೆಯವರಿಗೆ ಬಾವಿಯ ನೀರಲ್ಲಿ ಜೀವ ಇರುತ್ತದೆ ಅನ್ನೋದು ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ.

ಸಮುದ್ರದ ಕೋಪೆಪಾಡಿನ ಬದುಕು ಚಿಕ್ಕದು, ಆದರೆ ಘಟ್ಟಗಳು ಜಾಸ್ತಿ. ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಮೂರು ಜೊತೆ ಕಾಲು, ಒಂದು ಕಣ್ಣು, ಅಷ್ಟೇ. ಈ ಮರಿಗೆ ನಾಪ್ಲಿಯಸ್ ಅನ್ನುತ್ತಾರೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದ. ಚಿಪ್ಪು ಕಳಚುತ್ತ ಕಳಚುತ್ತ ಆರು ನಾಪ್ಲಿಯಸ್ ಹಂತ ದಾಟಬೇಕು. ಆಮೇಲೆ ದೊಡ್ಡದರ ಆಕಾರ ಬರುತ್ತದೆ, ಅದರಲ್ಲೂ ಐದು ಹಂತ ಮುಗಿದರೆ ಪೂರ್ತಿ ಬೆಳೆದಂತೆ. ನಮ್ಮ ಕರಾವಳಿಯ ಬೆಚ್ಚಗಿನ ನೀರಲ್ಲಿ ಇದೆಲ್ಲ ಎರಡು ಮೂರು ವಾರದೊಳಗೆ ಆಗಿಹೋಗುತ್ತದೆ.

ಅಷ್ಟು ಸಣ್ಣ ದೇಹಕ್ಕೆ ನೀರು ನಮಗೆ ಅನಿಸುವಷ್ಟು ತೆಳ್ಳಗಿರುವುದಿಲ್ಲ, ಅಂಟಂಟಾಗಿರುತ್ತದೆ. ಕೈಕಾಲು ಆಡಿಸುವುದು ನಿಂತರೆ ಅಲ್ಲೇ ನಿಂತುಬಿಡಬೇಕು. ಹಾಗಿದ್ದೂ ಮೀನಿನ ಬಾಯಿ ಹತ್ತಿರ ಬಂದಾಗ, ಉದ್ದ ಮೀಸೆಗಳಲ್ಲಿ ನೀರಿನ ಅಲುಗಾಟ ಗೊತ್ತಾದ ಕೆಲವೇ ಮಿಲಿಸೆಕೆಂಡಿನಲ್ಲಿ ಅದು ಚಿಮ್ಮುತ್ತದೆ. ಆ ನೆಗೆತದ ವೇಗ ಸೆಕೆಂಡಿಗೆ ಅದರ ದೇಹದ ಉದ್ದದ ನೂರಾರು ಪಟ್ಟು. ಗಾತ್ರಕ್ಕೆ ಹೋಲಿಸಿದರೆ ಇಷ್ಟು ಬಲವಾಗಿ ನೆಗೆಯುವ ಪ್ರಾಣಿಗಳು ಬೆರಳೆಣಿಕೆಯಷ್ಟು.

ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಅಳಿವೆಯಲ್ಲಿ ಬದುಕುವ ಕೆಲವು ಜಾತಿಗಳು, ಅಕಾರ್ಷಿಯಾದಂಥವು, ಕಾಲ ಸರಿ ಇಲ್ಲದಾಗ ಗಟ್ಟಿ ಮೊಟ್ಟೆ ಇಡುತ್ತವೆ. ಅವು ತಳದ ಕೆಸರಿಗೆ ಇಳಿದು ಸುಮ್ಮನೆ ಬಿದ್ದಿರುತ್ತವೆ. ದಶಕಗಳ ಹಿಂದಿನ ಕೆಸರಿನಿಂದ ತೆಗೆದ ಮೊಟ್ಟೆಗಳೂ ಒಡೆದು ಮರಿ ಬಂದದ್ದು ವಿಜ್ಞಾನಿಗಳು ಕಂಡ ಸತ್ಯ. ಉಪ್ಪು, ಬಿಸಿ, ಬೆಳಕು ಹದಕ್ಕೆ ಬಂದಾಗ ಇವು ಎಚ್ಚರಗೊಳ್ಳುತ್ತವೆ. ಅಂದರೆ ಹದ ಯಾವಾಗ ಬರುತ್ತದೆ ಅನ್ನೋದರ ಮೇಲೆ ಇವುಗಳ ಬದುಕು ನಿಂತಿದೆ. ಅಳಿವೆಯಲ್ಲಿ ಆ ಹದ ತರುವುದು ನದಿ.

ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ವರ್ಷದ ಲೆಕ್ಕ ಹೀಗೆ ನಡೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಘಟ್ಟದ ಕೆಂಪು ನೀರು ಉಪ್ಪುನೀರನ್ನು ಸಮುದ್ರದ ಕಡೆ ತಳ್ಳುತ್ತದೆ. ಉಪ್ಪು ಬೇಕಾದ ಕೋಪೆಪಾಡುಗಳು ಹಿಂದೆ ಸರಿಯುತ್ತವೆ, ಸಪ್ಪೆ ನೀರು ತಾಳುವ ಜಾತಿಗಳು ಹೆಚ್ಚುತ್ತವೆ. ಮಳೆ ಇಳಿದ ಮೇಲೆ ಉಪ್ಪು ಮೆಲ್ಲಗೆ ಒಳಗೆ ಬರುತ್ತದೆ. ಆಗ ನೀರು ತಿಳಿಯಾಗುತ್ತದೆ, ಬಿಸಿಲು ಒಳಗೆ ಇಳಿಯುತ್ತದೆ. ನದಿ ತಂದು ಸುರಿದ ಪೋಷಕಾಂಶ ಅಲ್ಲೇ ಇರುತ್ತದೆ. ಡಯಾಟಂ ಎಂಬ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಕೋಪೆಪಾಡುಗಳು ಅದನ್ನು ತಿಂದು ಹೆಚ್ಚುತ್ತವೆ, ಮೀನು ಸೀಗಡಿಗಳ ಮರಿಗಳು ಕೋಪೆಪಾಡುಗಳನ್ನು ತಿನ್ನುತ್ತವೆ. ನಮ್ಮ ಹೊಲದಲ್ಲಿ ಮುಂಗಾರು, ಹಿಂಗಾರು ಇದ್ದ ಹಾಗೆ ಅಲ್ಲೂ ಎರಡು ಹಂಗಾಮು. ತರುವ ಗಾಳಿಯೂ ಒಂದೇ. ಧಾರವಾಡಕ್ಕೆ ಮಳೆ ತರುವ ನೈರುತ್ಯದ ಗಾಳಿಯೇ ಕರಾವಳಿಯಲ್ಲಿ ಸಮುದ್ರದ ತಳದ ತಣ್ಣೀರನ್ನು ಮೇಲಕ್ಕೆ ಎಳೆಯುತ್ತದೆ. ಆ ನೀರಲ್ಲಿ ಪೋಷಕಾಂಶ ಜಾಸ್ತಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ದಡದಿಂದ ದೂರದ ಸಮುದ್ರಕ್ಕೆ ಹೆಚ್ಚಿನ ಪೋಷಕಾಂಶ ಬರುವುದು ತಳದಿಂದಲೇ, ನದಿಯಿಂದಲ್ಲ. ಗಂಗಾವಳಿ ಬತ್ತಿದರೆ ಅರಬ್ಬಿ ಸಮುದ್ರವೇ ಬರಡಾಗುತ್ತದೆ ಅನ್ನೋದು ಉತ್ಪ್ರೇಕ್ಷೆ. ಆದರೆ ಅಳಿವೆ ಮತ್ತು ದಡದ ಅಂಚಿನ ವಿಷಯ ಬೇರೆ. ಮೀನು, ಸೀಗಡಿಗಳ ಎಷ್ಟೋ ಮರಿಗಳು ಮೊದಲ ತಿಂಗಳು ಕಳೆಯುವುದು ಅಲ್ಲಿ. ಅಲ್ಲಿ ನದಿಯದೇ ಆಟ.

ಅದರಲ್ಲೂ ಒಂದು ವಸ್ತುವನ್ನು ನದಿಯಷ್ಟು ಚೆನ್ನಾಗಿ ಅಲ್ಲಿಗೆ ತರುವವರು ಯಾರೂ ಇಲ್ಲ. ಅದು ಸಿಲಿಕಾ. ಬಂಡೆ, ಮಣ್ಣು ಸವೆದಾಗ ನೀರಲ್ಲಿ ಕರಗುವ ಖನಿಜ. ಡಯಾಟಂ ತನ್ನ ಗಾಜಿನಂಥ ಚಿಪ್ಪನ್ನು ಕಟ್ಟಿಕೊಳ್ಳುವುದು ಇದರಿಂದಲೇ. ಸಿಲಿಕಾ ಕಡಿಮೆ ಆದರೆ ಡಯಾಟಂ ಸೊರಗುತ್ತದೆ. ಯೂರಿಯಾ ಜಾಸ್ತಿ ಹಾಕಿದ ಹೊಲದ ಬಸಿನೀರು, ಊರಿನ ಕೊಳಚೆ, ಇವು ಸಾರಜನಕ, ರಂಜಕ ಕೊಡುತ್ತವೆಯೇ ಹೊರತು ಆ ಪ್ರಮಾಣದಲ್ಲಿ ಸಿಲಿಕಾ ಕೊಡುವುದಿಲ್ಲ. ಆಗ ಸಿಲಿಕಾ ಬೇಡದ ಬೇರೆ ಪಾಚಿಗಳು ಮುಂದೆ ಬರುತ್ತವೆ. ಅವುಗಳಲ್ಲಿ ಹಲವನ್ನು ಕೋಪೆಪಾಡು ಇಷ್ಟಪಡುವುದಿಲ್ಲ, ಕೆಲವು ವಿಷಕಾರಿ ಕೂಡ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದ ವಿಡಿಯೊಗಳು ಎಲ್ಲರ ಫೋನಿಗೂ ಬಂದಿದ್ದವು ಅಲ್ವಾ? ಅದಕ್ಕೆ ಕಾರಣ ಅಂತ ಹೇಳಿದ ನಾಕ್ಟಿಲ್ಯೂಕಾ ಅಂಥ ಒಂದು ಜೀವಿ. ನೋಡಲು ಚಂದ. ಆದರೆ ಅದು ಹೆಚ್ಚಾದರೆ ಲಾಭ ಜೆಲ್ಲಿಮೀನಿಗೆ, ಬಂಗುಡೆಗಲ್ಲ.

ಬಂಗುಡೆಯ ವಿಷಯಕ್ಕೆ ಬಂದೆವಲ್ಲ, ಇದನ್ನು ಹುಬ್ಬಳ್ಳಿಯಲ್ಲೇ ನೋಡಬಹುದು. ಕಾರವಾರ, ಅಂಕೋಲಾದಿಂದ ಐಸ್ ಪೆಟ್ಟಿಗೆಯಲ್ಲಿ ಬಂದ ಬಂಗುಡೆಯ ಬಾಯಿ ಅಗಲಿಸಿ ಕಿವಿರಿನ ಒಳಬದಿ ನೋಡಿ. ಉದ್ದುದ್ದ ತೆಳ್ಳನೆಯ ಕಡ್ಡಿಗಳು ಬಾಚಣಿಕೆಯಂತೆ ಒತ್ತಾಗಿ ನಿಂತಿರುತ್ತವೆ. ಬಾಯಿ ತೆರೆದುಕೊಂಡು ಈಜುವಾಗ ನೀರು ಕಿವಿರಿನಿಂದ ಆಚೆ ಹೋಗುತ್ತದೆ, ಕೋಪೆಪಾಡಿನಂಥವು ಆ ಕಡ್ಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಂಗುಡೆಯ ಮೈಯ ಕೊಬ್ಬು ಬಂದದ್ದು ಹೆಚ್ಚಾಗಿ ಅಲ್ಲಿಂದ. ತಾರ್ಲಿ (ಸಾರ್ಡೀನ್ ಬಗೆಯ ಸಣ್ಣ ಮೀನು) ದೊಡ್ಡದಾದ ಮೇಲೆ ಡಯಾಟಮ್ಮನ್ನೇ ಜಾಸ್ತಿ ತಿನ್ನುತ್ತದೆ, ಆದರೆ ಅದರ ಮರಿಗೆ ಅಷ್ಟು ಪುರುಸೊತ್ತು ಇಲ್ಲ. ಮೊಟ್ಟೆಯಿಂದ ಬಂದ ಕೆಲವೇ ದಿನದಲ್ಲಿ ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರ ಸಿಗಲೇಬೇಕು. ಆ ಆಹಾರ ಅಂದರೆ ಮುಖ್ಯವಾಗಿ ಕೋಪೆಪಾಡಿನ ನಾಪ್ಲಿಯಸ್. ತಾರ್ಲಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದೂ ಮೀನು ಮರಿ ಮಾಡುವ ಈ ಕಾಲವನ್ನು ಲೆಕ್ಕ ಹಿಡಿದೇ. ಮೀನಿನ ಮರಿ ಬಂದ ವಾರಕ್ಕೂ ಕೋಪೆಪಾಡಿನ ಮರಿ ಬಂದ ವಾರಕ್ಕೂ ತಾಳೆ ಆಗದಿದ್ದರೆ ಆ ವರ್ಷದ ಮೀನು ಹೋಯಿತು ಅಂತಲೇ ಲೆಕ್ಕ.

ತಾರ್ಲಿ ಎಷ್ಟು ಏರುಪೇರಾಗುತ್ತದೆ ಅನ್ನೋದಕ್ಕೆ ಕೇರಳದ ಲೆಕ್ಕ ಸಾಕು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ನದಿ ಕಾರಣ ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಸಮುದ್ರದ ಬಿಸಿ, ಎಲ್ ನಿನೊ, ಮರಿ ಮೀನುಗಳನ್ನೂ ಬಿಡದೆ ಹಿಡಿದದ್ದು, ಹೀಗೆ ಕಾರಣಗಳು ಹಲವು. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರು 2016ರಲ್ಲೇ ತೋರಿಸಿದ್ದರು: ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕದಲ್ಲಿ ತೇಲುಪಾಚಿ ಶೇ 20ರವರೆಗೆ ಕಡಿಮೆಯಾಗಿದೆ. ಮೇಲಿನ ನೀರು ಬಿಸಿಯಾದಷ್ಟೂ ತಳದ ತಣ್ಣೀರು ಮೇಲೆ ಬರುವುದು ಕಷ್ಟ. ಕೋಪೆಪಾಡಿನ ಊಟದ ಒಂದು ಬಾಗಿಲು ಹೀಗೆ ಆಗಲೇ ಅರ್ಧ ಮುಚ್ಚಿಕೊಳ್ಳುತ್ತಿದೆ. ಇನ್ನೊಂದು ಬಾಗಿಲನ್ನು ನಾವೇ ಮುಚ್ಚುವ ಮೊದಲು ಅದರ ಹಿಂದೆ ಏನಿದೆ ಅಂತ ನೋಡಬೇಡವೇ?

ನದಿ ಕಟ್ಟಿದರೆ ಅಳಿವೆಯಲ್ಲಿ ಏನಾಗುತ್ತದೆ ಅನ್ನೋದಕ್ಕೆ ಹಳೆಯದೊಂದು ಪಾಠ ಈಜಿಪ್ಟಿನದು. 1960ರ ದಶಕದ ನಡುವೆ ಆಸ್ವಾನ್ ದೊಡ್ಡ ಅಣೆಕಟ್ಟು ನೈಲ್ ನದಿಯ ಪ್ರವಾಹ ತಡೆಯತೊಡಗಿತು. ಅದಕ್ಕೆ ಮೊದಲು ಪ್ರತಿ ವರ್ಷ ಪ್ರವಾಹದ ನೀರು ಮೆಡಿಟರೇನಿಯನ್ ಸೇರಿದ ಬೆನ್ನಿಗೇ ಡಯಾಟಂ ಹುಲುಸಾಗಿ ಬೆಳೆಯುತ್ತಿತ್ತು, ಅದನ್ನು ನಂಬಿ ಸಾರ್ಡೀನ್ ಬರುತ್ತಿತ್ತು. 1962ರಲ್ಲಿ ಸುಮಾರು 18,000 ಟನ್ ಸಾರ್ಡೀನ್ ಸಿಕ್ಕಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಅದು ಸಾವಿರ ಟನ್ನಿಗೂ ಕೆಳಗೆ ಬಂತು. ಹಲವು ವರ್ಷದ ನಂತರ ಅಲ್ಲಿನ ಮೀನುಗಾರಿಕೆ ಚೇತರಿಸಿಕೊಂಡಿತು, ನಿಜ. ಅದಕ್ಕೆ ದೊಡ್ಡ ಕಾರಣ ಹೊಲಗಳ ಗೊಬ್ಬರ ಮತ್ತು ಊರುಗಳ ಕೊಳಚೆ ಸಮುದ್ರಕ್ಕೆ ಹರಿದದ್ದು ಅಂತ ಸಂಶೋಧಕರು ಹೇಳುತ್ತಾರೆ. ಅಂಥ ಚೇತರಿಕೆ ಯಾರಿಗೆ ಬೇಕು?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಉತ್ತರ ಕನ್ನಡದಲ್ಲೇ ನಾಲ್ಕು ದೊಡ್ಡ ಅಳಿವೆಗಳಿವೆ. ಕಾಳಿ ಮತ್ತು ಶರಾವತಿಗೆ ದೊಡ್ಡ ಅಣೆಕಟ್ಟುಗಳಿವೆ. ಗಂಗಾವಳಿ, ಅಘನಾಶಿನಿಗೆ ಇಲ್ಲ. ಬೇಡ್ತಿಗೂ ಒಂದು ಜಲವಿದ್ಯುತ್ ಯೋಜನೆ ಬಂದಿತ್ತು, ಜನರ ವಿರೋಧದಿಂದ 1980ರ ದಶಕದಲ್ಲಿ ಕೈಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಅಘನಾಶಿನಿಯಲ್ಲಿ ಮೀನಿನ ಬಗೆಗಳು ಜಾಸ್ತಿ, ಚಿಪ್ಪಿಕಲ್ಲು ತೆಗೆದು ಸಾವಿರಾರು ಜನ ಬದುಕುತ್ತಿದ್ದಾರೆ. ಶರಾವತಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಚ್ಚುಕಡಿಮೆ ಕಾಣೆಯಾಯಿತು. ಯಾಕೆ ಗೊತ್ತಾ? ಅಲ್ಲಿ ನೀರು ಕಡಿಮೆ ಆದದ್ದಲ್ಲ. ಕರೆಂಟಿಗಾಗಿ ವರ್ಷಪೂರ್ತಿ ಬಿಡುವ ಸಿಹಿನೀರಿನಿಂದ ಬೇಸಿಗೆಯಲ್ಲೂ ಅಳಿವೆಗೆ ಉಪ್ಪು ಬರಲಿಲ್ಲ.

ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಗತಿ ಇದು. ಅಳಿವೆಗೆ ಎಷ್ಟು ಟಿಎಂಸಿ ಹೋಯಿತು ಅನ್ನೋದರಷ್ಟೇ, ಯಾವ ತಿಂಗಳಲ್ಲಿ ಹೋಯಿತು ಅನ್ನೋದೂ ಮುಖ್ಯ. ಜುಲೈ ಪ್ರವಾಹದಲ್ಲಿ ತೆಗೆದ ಒಂದು ಟಿಎಂಸಿಗೂ ಅಕ್ಟೋಬರಿನಲ್ಲಿ ತೆಗೆದ ಒಂದು ಟಿಎಂಸಿಗೂ ಕೋಪೆಪಾಡಿನ ಲೆಕ್ಕದಲ್ಲಿ ಅಜಗಜಾಂತರ. ಮಳೆಯ ಅಬ್ಬರದಲ್ಲಿ ಒಂದಿಷ್ಟು ನೀರು ಎತ್ತಿದರೆ ಅಳಿವೆ ತಾಳಿಕೊಳ್ಳಬಹುದು. ಮಳೆ ಇಳಿದ ಮೇಲೆ, ಉಪ್ಪು ಸಪ್ಪೆ ಹದಕ್ಕೆ ಬರುವ ಹೊತ್ತಿಗೆ ಎತ್ತಿದರೆ ಮರಿಗಳ ಹಂಗಾಮೇ ತಪ್ಪಬಹುದು. ಆದರೆ ಬ್ಯಾಡಗಿಯ ಮೆಣಸಿನಕಾಯಿಗೆ, ಹಿಂಗಾರಿನ ಕಡಲೆಗೆ, ಕುಡಿಯುವ ಕೆರೆಗೆ ನೀರು ಬೇಕೆನಿಸುವುದೂ ಮಳೆ ನಿಂತ ಮೇಲೆಯೇ. ನಿಜವಾದ ಜಗಳ ಇರುವುದು ಇಲ್ಲಿ. ಹಾಗಾಗಿ ಜುಲೈನಲ್ಲಿ ಎತ್ತಿದ ನೀರನ್ನು ಹಿಡಿದಿಡಲು ನಮ್ಮ ಕಡೆ ಜಾಗ ಇದೆಯೇ ಅನ್ನೋದು ಮೊದಲ ಪ್ರಶ್ನೆ ಆಗಬೇಕು. ಹೂಳು ತುಂಬಿದ ಕೆರೆಗಳನ್ನು ಹಾಗೇ ಬಿಟ್ಟು ನದಿ ತಿರುಗಿಸುವ ಮಾತಾಡಿದರೆ ಆ ನೀರು ಬಂದರೂ ನಿಲ್ಲುವುದಿಲ್ಲ. ಡಂಬಳದಲ್ಲಿ, ಮಾಸೂರಿನಲ್ಲಿ ಹಿಂದಿನವರು ಕೆರೆ ಕಟ್ಟಿದ್ದು ಮಳೆಗಾಲದ ನೀರನ್ನು ಬೇಸಿಗೆಗೆ ದಾಟಿಸಲು. ಆ ಕೆಲಸ ಮೊದಲು ಆಗಬೇಕು ಅಂತ ನನ್ನ ಅಭಿಪ್ರಾಯ.

ಕುಡಿಯುವ ನೀರಿನ ವಿಷಯದಲ್ಲಿ ನನಗೆ ಹಿಂಜರಿಕೆ ಇಲ್ಲ. ಗದಗದಂಥ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿನ ಮನೆಗಳಿಗೆ ನೀರು ಕೊಡುವುದಕ್ಕೂ ಕಬ್ಬಿಗೆ ನೀರು ಕೊಡುವುದಕ್ಕೂ ಒಂದೇ ತಕ್ಕಡಿ ಹಿಡಿಯಬಾರದು. ಕುಡಿಯಲು ಬೇಕಾದ ನೀರು ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಯಾವಾಗಲೂ ನೀರಾವರಿಯದು. ಅದನ್ನು ಬೇರೆ ಬೇರೆಯಾಗಿ ಜನರ ಮುಂದೆ ಇಟ್ಟರೆ ಚರ್ಚೆ ಅರ್ಧ ತಿಳಿಯಾಗುತ್ತದೆ.

ನದಿಗೆ ನೀರು ಬಿಡಬೇಕು ಅನ್ನೋದು ಬರೀ ಪರಿಸರದವರ ಆಸೆ ಅಲ್ಲ. ನದಿಯ ಹರಿವಿನಲ್ಲಿ ಒಂದು ಪಾಲನ್ನು ಪರಿಸರಕ್ಕೆ ಎತ್ತಿಡಬೇಕು ಅಂತ 2012ರ ರಾಷ್ಟ್ರೀಯ ಜಲ ನೀತಿಯೇ ಹೇಳುತ್ತದೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗಂಗಾ ನದಿಗೆ ಇದನ್ನು ಅಧಿಸೂಚನೆಯಾಗಿ ತಂದಿತು. ಹಿಮನದಿಗಳ ಮೂಲದಿಂದ ದೇವಪ್ರಯಾಗ ದಾಟಿ ಹರಿದ್ವಾರದವರೆಗೆ ಒಣ ತಿಂಗಳುಗಳಲ್ಲಿ ಸರಾಸರಿ ಹರಿವಿನ ಶೇ 20, ಮಳೆಗಾಲದಲ್ಲಿ ಶೇ 30 ಬಿಡಲೇಬೇಕು. ಗಮನಿಸಿ, ಅಲ್ಲಿ ಲೆಕ್ಕ ತಿಂಗಳಿನ ಪ್ರಕಾರ ಇದೆ. ಆ ಅಧಿಸೂಚನೆ ಗಂಗೆಗೆ ಮಾತ್ರ. ಗಂಗಾವಳಿಗೂ ಅಂಥದ್ದೇ ಒಂದು ತಿಂಗಳವಾರು ಲೆಕ್ಕ ಬೇಕು, ಅದೂ ಪಂಪ್ ಹೌಸಿನ ಹತ್ತಿರ ಅಳೆದದ್ದಲ್ಲ, ಮಂಜಗುಣಿಯಲ್ಲಿ ಅಳೆದದ್ದು.

ಅಳಿವೆಯ ಸ್ಥಿತಿ ಅಳೆಯುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ಕಣ್ಣಿನ ಒಂದು ಪ್ಲಾಂಕ್ಟನ್ (ತೇಲುಜೀವಿ) ಬಲೆ, ಒಂದು ದೋಣಿ, ಉಪ್ಪು ಅಳೆಯುವ ಉಪಕರಣ, ಸಿಲಿಕಾ ನೈಟ್ರೇಟ್ ಪರೀಕ್ಷೆಗೆ ಒಂದು ಪ್ರಯೋಗಾಲಯ. ತಿಂಗಳಿಗೆ ಎರಡು ಸಲ, ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಉಬ್ಬರ ನೋಡಿಕೊಂಡು ಬಲೆ ಎಳೆಯಬೇಕು. ಸಿಕ್ಕ ಕೋಪೆಪಾಡುಗಳ ಜಾತಿ ಗುರುತಿಸಿ ಎಣಿಸಬೇಕು. ಮಾಡುವವರೂ ನಮ್ಮವರೇ ಇದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೂ ಕಾರವಾರದಲ್ಲಿ ಕೇಂದ್ರ ಇದೆ. ಗೋವಾದ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮಾಂಡವಿ, ಜುವಾರಿ ಅಳಿವೆಗಳಲ್ಲಿ ಇಂಥ ಕೆಲಸವನ್ನು ಬಹಳ ವರ್ಷದಿಂದ ಮಾಡುತ್ತ ಬಂದಿದೆ. ಮಹದಾಯಿ ಸಮುದ್ರ ಸೇರುವುದೂ ಮಾಂಡವಿ ಎಂಬ ಹೆಸರಲ್ಲೇ.

ಮಳೆಗಾಲ ಒಂದು, ಅದರ ಮುಂದಿನ ಬೇಸಿಗೆ ಒಂದು, ಕಡಿಮೆ ಅಂದರೆ ಇಂಥ ಎರಡು ಸುತ್ತಿನ ಲೆಕ್ಕ ಕೈಯಲ್ಲಿ ಇದ್ದರೆ, ಯಾವ ತಿಂಗಳಲ್ಲಿ ಎಷ್ಟು ನೀರು ತೆಗೆದರೆ ಅಳಿವೆಗೆ ಪೆಟ್ಟಾಗುವುದಿಲ್ಲ ಅಂತ ಅಂಕಿಗಳ ಮೇಲೆ ಮಾತಾಡಬಹುದು. ಹಾವೇರಿಯ ರೈತನೂ ಮಂಜಗುಣಿಯ ಮೀನುಗಾರನೂ ಒಂದೇ ಹಾಳೆ ನೋಡಿ ವಾದ ಮಾಡಬಹುದು. ಯೋಜನಾ ವರದಿಯಲ್ಲಿ ಸುರಂಗದ ಉದ್ದ, ಪಂಪಿನ ಶಕ್ತಿ, ಮುಳುಗುವ ಕಾಡಿನ ಎಕರೆ ಎಲ್ಲಕ್ಕೂ ಅಧ್ಯಾಯಗಳಿರುತ್ತವೆ. ಅಳಿವೆಗೂ ಒಂದು ಅಧ್ಯಾಯ ಬೇಕು ಅಂತ ಕೇಳಬೇಕಾದವರು ಕರಾವಳಿಯವರು ಮಾತ್ರ ಅಲ್ಲ. ನೀರು ಕೇಳುತ್ತಿರುವ ನಾವೇ ಮೊದಲು ಕೇಳಬೇಕು. ಬಲೆಯನ್ನು ಮುಂದಿನ ಜೂನ್‌ನಲ್ಲೇ ನೀರಿಗಿಳಿಸಬಹುದು.